ಎರಡು ಸೇಲಂಗಳು, ಒಂದು ಬೇಲಿ

ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಊರೊಂದು ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಕಡಲ ತೀರದಲ್ಲಿದೆ. ನಮ್ಮ ಸೇಲಂ ಎಂಬ ಹೆಸರು ಬೆಟ್ಟವೆಂಬ ಅರ್ಥದ ‘ಶೈಲ’ ಶಬ್ದದಿಂದ ಬಂದಿತೆಂದು ಹೇಳುವವರಿದ್ದಾರೆ. ಶೇರ್ವರಾಯನ್ ಬೆಟ್ಟದ ಮೇಲೆ ಕುಳಿತು ಬರೆಯುವ ನಮಗೆ ಅದನ್ನು ಒಪ್ಪಿಕೊಳ್ಳುವುದು ಹಿತವಾಗಿಯೇ ಇದೆ. ಅವರ ಸೇಲಮ್ಮಾದರೋ ಬೈಬಲ್ಲಿನಿಂದ ಬಂದದ್ದು, ಶಾಂತಿ ಎಂಬ ಅರ್ಥವುಳ್ಳದ್ದು. ಆ ಶಾಂತಿಯ ಹೆಸರಿನ ಊರಿನಲ್ಲಿ 1692ರಲ್ಲಿ ಮಾಟ ಮಾಡಿದರೆಂಬ ಆರೋಪವನ್ನು ಹೊರಿಸಿ, ವಿಚಾರಣೆ ನಡೆಸಿ, 19 ಮಂದಿ ಸ್ತ್ರೀಪುರುಷರನ್ನು ನೇಣಿಗೆ ಹಾಕಿದರು. ತೀರ್ಪು ಕೊಟ್ಟವರು ದುರುಳರಾಗಿರಲಿಲ್ಲ. ದಿನವೂ ಧರ್ಮಗ್ರಂಥವನ್ನು ಓದುತ್ತಿದ್ದ, ಪ್ರಾರ್ಥನೆಯನ್ನು ತಪ್ಪಿಸದ ಸದ್ಗೃಹಸ್ಥರೇ ಆಗಿದ್ದರು. ಅವರಲ್ಲೊಬ್ಬರಾದ ಸ್ಯಾಮ್ಯುಯೆಲ್ ಸ್ಯೂಯಲ್ ಎಂಬುವರು ಐದು ವರ್ಷಗಳ ಬಳಿಕ, 1697ರಲ್ಲಿ, ಸಭೆಯ ನಡುವೆ ಎದ್ದು ನಿಂತು ತಮ್ಮ ಅಪರಾಧವನ್ನು ಒಪ್ಪಿಕೊಂಡರು.

ಆದರೆ ಇಂದು ನಾವು ಹೇಳಹೊರಟಿರುವುದು ಆ ಮಾಟದ ಕಥೆಯನ್ನಲ್ಲ. ಅದಕ್ಕೂ ಅರವತ್ತು ವರ್ಷ ಮೊದಲು ಅದೇ ಸೇಲಮ್ಮಿನಲ್ಲಿ ರೋಜರ್ ವಿಲಿಯಮ್ಸ್ ಎಂಬ ಪಾದ್ರಿಯೊಬ್ಬರಿದ್ದರು. ದೇವರ ಆಜ್ಞೆಗಳನ್ನು ಜನರಿಂದ ಪಾಲಿಸಿಸುವುದು ಸರ್ಕಾರದ ಕೆಲಸವಲ್ಲ, ಬಲಾತ್ಕಾರದ ಪೂಜೆ ದೇವರಿಗೆ ದುರ್ಗಂಧವಾಗುತ್ತದೆ ಎಂಬುದು ಅವರ ಬೋಧೆಯಾಗಿತ್ತು. 1635ರಲ್ಲಿ ಅವರಿಗೆ ಗಡೀಪಾರಿನ ಶಿಕ್ಷೆಯಾಯಿತು. ಚಳಿಗಾಲದ ಹಿಮದಲ್ಲಿ ನಡೆದು ಹೋಗಿ ಮರುವರ್ಷ ಅವರು ಕಟ್ಟಿದ ಊರೇ ಪ್ರಾವಿಡೆನ್ಸ್. ಈ ವಿಲಿಯಮ್ಸರು ನಾಸ್ತಿಕರಲ್ಲ, ಉದಾಸೀನರೂ ಅಲ್ಲ. ತಮ್ಮನ್ನು ಓಡಿಸಿದವರಿಗಿಂತ ಹೆಚ್ಚು ಮಡಿವಂತರು. ಚರ್ಚು ಒಂದು ತೋಟ, ಲೋಕವ್ಯವಹಾರವು ಕಾಡು, ನಡುವೆ ಬೇಲಿ ಬೇಕು ಎಂಬುದು ಅವರ ಉಪಮಾನ. ಬೇಲಿ ಕಾಡಿನ ರಕ್ಷಣೆಗಲ್ಲ, ತೋಟದ ರಕ್ಷಣೆಗೆ. ಏರ್ಕಾಡಿನ ಕಾಫಿ ತೋಟದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲಿ ಮುರಿದ ರಾತ್ರಿ ತೋಟವು ಕಾಡಿಗೆ ನುಗ್ಗುವುದಿಲ್ಲ. ಕಾಡುಕೋಣವೇ ತೋಟಕ್ಕೆ ನುಗ್ಗುತ್ತದೆ.

ನಮ್ಮ ಬೆಟ್ಟದ ಜನರಿಗೆ ಕ್ರೈಸ್ತಧರ್ಮವು ಶಾಲೆಯ ಮೂಲಕವೇ ಪರಿಚಯವಾದದ್ದು. 1820ರ ದಶಕದಲ್ಲಿ ಕಲೆಕ್ಟರ್ ಕಾಕ್‌ಬರ್ನ್ ಇಲ್ಲಿ ಕಾಫಿಯನ್ನು ತಂದು ನೆಡಿಸಿದ ಮೇಲೆ ತೋಟದ ದೊರೆಗಳು ಬಂದರು. ಅವರ ಹಿಂದೆ ಚರ್ಚುಗಳು ಬಂದವು. 1917ರಲ್ಲಿ ಮಾಂಟ್‌ಫರ್ಟ್ ಶಾಲೆ ಬಂದಿತು. ಕನ್ನಡ ಮನೆಮಾತಿನ ಎಷ್ಟೋ ಕುಟುಂಬಗಳು, ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ, ಮಕ್ಕಳನ್ನು ಇಂಥ ಶಾಲೆಗಳಿಗೇ ಕಳುಹಿಸಿವೆ. ಆದುದರಿಂದ ಪಾದ್ರಿ ಎಂದೊಡನೆ ನಮಗೆ ನೆನಪಾಗುವುದು ಬೆತ್ತ, ಇಂಗ್ಲಿಷ್ ವ್ಯಾಕರಣ ಮತ್ತು ವಾರಕ್ಕೊಮ್ಮೆ ಉಗುರಿನ ತಪಾಸಣೆ. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವ ಹೊತ್ತಿಗೆ ಪಾದ್ರಿಗಳು ಯಾವ ಕಡೆಗೆ ವಾಲಿದ್ದಾರೆಂದು ಲೆಕ್ಕ ಹಾಕುವ ಸುದ್ದಿಯನ್ನು ಓದಿದಾಗ ನಮ್ಮ ವಾಚಕರಿಗೆ ಆಶ್ಚರ್ಯವಾಗುವುದು ಸಹಜವೇ. ಮಗನನ್ನೋ ಸೊಸೆಯನ್ನೋ ಆ ದೇಶಕ್ಕೆ ಕಳುಹಿಸಿದವರಿಗಂತೂ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. 2016ರ ಚುನಾವಣೆಯಲ್ಲಿ ಅಲ್ಲಿಯ ಬಿಳಿಯ ಸುವಾರ್ತಾ ಪಂಥದವರಲ್ಲಿ, ಎಂದರೆ ಬೈಬಲ್ಲಿನ ಮಾತೇ ಅಂತಿಮ ಪ್ರಮಾಣವೆಂದು ನಂಬಿ ಹೃದಯಪರಿವರ್ತನೆಗೆ ಪ್ರಾಧಾನ್ಯ ಕೊಡುವ ಪ್ರಾಟೆಸ್ಟೆಂಟರಲ್ಲಿ, ಹತ್ತರಲ್ಲಿ ಎಂಟು ಮಂದಿ ಒಬ್ಬನೇ ಅಭ್ಯರ್ಥಿಗೆ ಮತವಿತ್ತರು.

ಆ ದೇಶದ ಸಂವಿಧಾನವು ಹೀಗೆ ಆಗಬೇಕೆಂದು ಬಯಸಿರಲಿಲ್ಲ. 1791ರ ಮೊದಲನೆಯ ತಿದ್ದುಪಡಿಯ ಪ್ರಕಾರ ಒಕ್ಕೂಟದ ಶಾಸನಸಭೆಯು ಯಾವ ಮತವನ್ನೂ ರಾಜಮತವಾಗಿ ಸ್ಥಾಪಿಸುವಂತಿಲ್ಲ, ಯಾರ ಉಪಾಸನೆಗೂ ಅಡ್ಡಿ ಮಾಡುವಂತಿಲ್ಲ. ಬಿಡಿ ಸಂಸ್ಥಾನಗಳಲ್ಲಿ ಚರ್ಚಿಗಾಗಿ ತೆರಿಗೆ ಎತ್ತುವ ಪದ್ಧತಿ ಇನ್ನೂ ಕೆಲಕಾಲ ನಡೆಯಿತು. ಕೊನೆಯದಾಗಿ ಅದನ್ನು ಬಿಟ್ಟದ್ದು 1833ರಲ್ಲಿ, ಮಸಾಚುಸೆಟ್ಸ್. ಸರ್ಕಾರದ ಹಣ ನಿಂತೊಡನೆ ಚರ್ಚು ಸೊರಗೀತೆಂದು ಅನೇಕರು ಹೆದರಿದ್ದರು. ಆದದ್ದು ಬೇರೆ. ಸಂಬಳ ತಪ್ಪಿದ ಪಾದ್ರಿಗಳು ಕುದುರೆಯೇರಿ ಹಳ್ಳಿ ಹಳ್ಳಿಗೆ ಹೋದರು, ಬಯಲಿನಲ್ಲಿ ಡೇರೆ ಹಾಕಿ ಉಪದೇಶಿಸಿದರು, ಜನರ ಕಷ್ಟಸುಖಗಳಲ್ಲಿ ಬೆರೆತರು. 1831ರಲ್ಲಿ ಅಲ್ಲಿ ಸಂಚರಿಸಿದ ಫ್ರೆಂಚ್ ವಿದ್ವಾಂಸ ಟಾಕ್‌ವಿಲ್, ಅಲ್ಲಿ ಧರ್ಮಕ್ಕೆ ಇಷ್ಟು ಬಲವಿರುವುದು ಅದು ಸರ್ಕಾರದಿಂದ ಬೇರೆಯಾಗಿ ನಿಂತಿರುವುದರಿಂದಲೇ ಎಂದು ಬರೆದನು.

ಜನರ ಮೇಲೆ ಹೀಗೆ ಹಿಡಿತ ಬಂದ ಮೇಲೆ ಆ ಶಕ್ತಿಯನ್ನು ಯಾವುದಕ್ಕೆ ಬಳಸುವುದೆಂಬ ಪ್ರಶ್ನೆ ಏಳದೆ ಇರದು. ಗುಲಾಮಗಿರಿಯ ಪ್ರಶ್ನೆ ಬಂದಾಗ ಬೈಬಲ್ಲನ್ನು ಹಿಡಿದವರು ಎರಡು ಪಕ್ಷದಲ್ಲಿಯೂ ಇದ್ದರು. ಮನುಷ್ಯನನ್ನು ಮಾರುವುದು ಪಾಪವೆಂದು ಉತ್ತರದ ಪಾದ್ರಿಗಳು ಸಾರುತ್ತಿದ್ದಾಗ, ಗುಲಾಮರ ಒಡೆಯರಿಗೂ ಧರ್ಮಪ್ರಚಾರಕರಾಗುವ ಹಕ್ಕು ಬೇಕೆಂದು ದಕ್ಷಿಣದ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆ ಮನೆ ಹೂಡಿದರು. ಇಂದಿಗೂ ಅಮೆರಿಕದ ಪ್ರಾಟೆಸ್ಟೆಂಟರಲ್ಲಿ ಅತಿ ದೊಡ್ಡ ಸಭೆ ಅದೇ. ಆ ತಪ್ಪಿಗಾಗಿ ಅದು ವಿಧಿವತ್ತಾಗಿ ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷಗಳ ಬಳಿಕ.

ನಮ್ಮ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ ವಿಷಯವೆಂದರೆ ಮದ್ಯ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕುಡಿತವು ಕ್ಷುಲ್ಲಕ ವಿಷಯವಾಗಿರಲಿಲ್ಲ. ವಾರದ ಕೂಲಿಯನ್ನು ಗಂಡನು ಶನಿವಾರ ಸಂಜೆ ಅಂಗಡಿಯಲ್ಲಿ ಕಳೆದು ಬಂದರೆ ಹೆಂಡತಿಗೆ ಕಾನೂನಿನಲ್ಲಿ ಯಾವ ಗತಿಯೂ ಇರಲಿಲ್ಲ. ಅವಳಿಗೆ ಮತವಿರಲಿಲ್ಲ, ಬಹು ಕಡೆಗಳಲ್ಲಿ ಸ್ವಂತ ದುಡಿಮೆಯ ಮೇಲೂ ಹಕ್ಕಿರಲಿಲ್ಲ. 1874ರಲ್ಲಿ ಹುಟ್ಟಿದ ಕ್ರೈಸ್ತ ಮಹಿಳೆಯರ ಮದ್ಯವಿರೋಧಿ ಸಂಘವು ಈ ಸಂಕಟದಿಂದಲೇ ಬೆಳೆಯಿತು. ಅದನ್ನು ಬಹುಕಾಲ ನಡೆಸಿದ ಫ್ರಾನ್ಸಿಸ್ ವಿಲ್ಲಾರ್ಡ್ ಅವರೊಡನೆ ಸ್ನೇಹ ಬೆಳೆಸಿದವರಲ್ಲಿ, ಇಂದಿನ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರೂ ಒಬ್ಬರು. ಮಹಿಳೆಯರ ಈ ಚಳವಳಿಯು ಮನೆಮನೆಗೆ ಹೋಗಿ ಪ್ರತಿಜ್ಞೆ ಮಾಡಿಸುವುದರಿಂದ ಆರಂಭವಾಗಿ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೇಳುವವರೆಗೆ ಬೆಳೆಯಿತು. ಇದನ್ನು ಸಂಪ್ರದಾಯಶರಣತೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ.

1893ರಲ್ಲಿ ಓಹಿಯೋ ಸಂಸ್ಥಾನದಲ್ಲಿ ಹುಟ್ಟಿದ ಆ್ಯಂಟಿ ಸಲೂನ್ ಲೀಗ್ ಎಂಬ ಸಂಸ್ಥೆಯ ದಾರಿ ಬೇರೆ. ಸಲೂನ್ ಎಂದರೆ ಅಲ್ಲಿ ಕ್ಷೌರದಂಗಡಿಯಲ್ಲ, ಹೆಂಡದಂಗಡಿ. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮೊದಲಾದ ಸಭೆಗಳ ಪೀಠಗಳಿಂದ ಇದಕ್ಕೆ ಹಣವೂ ಜನಬಲವೂ ಬಂದವು. ಇದರ ತಂತ್ರವನ್ನು ರೂಪಿಸಿದವನು ವೇಯ್ನ್ ವ್ಹೀಲರ್ ಎಂಬ ವಕೀಲ. ಅಭ್ಯರ್ಥಿ ಯಾವ ಪಕ್ಷದವನೆಂದು ಆತ ಕೇಳುತ್ತಿರಲಿಲ್ಲ. ಮನೆಯಲ್ಲಿ ಕುಡಿಯುತ್ತಾನೆಯೇ ಎಂದು ಕೂಡ ಕೇಳುತ್ತಿರಲಿಲ್ಲ. ಶಾಸನಸಭೆಯಲ್ಲಿ ಮದ್ಯದ ವಿರುದ್ಧ ಕೈಯೆತ್ತಿದರೆ ಸಾಕು, ಸಭಿಕರ ಮತಗಳು ಅವನಿಗೆ. ಎತ್ತದಿದ್ದರೆ ಮುಂದಿನ ಚುನಾವಣೆಯಲ್ಲಿ ಅವನು ಮನೆಗೆ. ಹೃದಯಪರಿವರ್ತನೆಯ ಮಾತು ಇಲ್ಲಿಗೆ ಮುಗಿದು ಕೈ ಲೆಕ್ಕದ ಮಾತು ಪ್ರಾರಂಭವಾಯಿತು. 1919ರ ಜನವರಿಯಲ್ಲಿ ಹದಿನೆಂಟನೆಯ ತಿದ್ದುಪಡಿ ಅಂಗೀಕೃತವಾಗಿ, 1920ರ ಜನವರಿ 17ರಿಂದ ಅಮೆರಿಕ ದೇಶದಲ್ಲೆಲ್ಲ ಮದ್ಯದ ತಯಾರಿಕೆಯೂ ಮಾರಾಟವೂ ನಿಷಿದ್ಧವಾದವು. ಚರ್ಚುಗಳು ಆ ರಾಷ್ಟ್ರದ ರಾಜಕೀಯದಲ್ಲಿ ಪಡೆದ ಅತಿ ದೊಡ್ಡ ಗೆಲುವು ಇದೆಂದರೆ ಉತ್ಪ್ರೇಕ್ಷೆಯಾಗದು.

ಹದಿನಾಲ್ಕು ವರ್ಷ ತುಂಬುವ ಮೊದಲೇ, 1933ರ ಡಿಸೆಂಬರ್ 5ರಂದು, ಆ ತಿದ್ದುಪಡಿ ರದ್ದಾಯಿತು. ಆರಂಭದಲ್ಲಿ ಕುಡಿತವೂ, ಕುಡಿತದಿಂದ ಬರುವ ಯಕೃತ್ತಿನ ರೋಗದ ಸಾವುಗಳೂ ಕಡಿಮೆಯಾದದ್ದು ನಿಜ. ಆದರೆ ಕಳ್ಳಬಟ್ಟಿಯ ವ್ಯಾಪಾರದಿಂದ ಶಿಕಾಗೋದ ಆಲ್ ಕಪೋನ್‌ನಂಥವರು ಕೋಟ್ಯಧೀಶರಾದರು, ಪೋಲೀಸರು ಲಂಚಕ್ಕೆ ಒಗ್ಗಿದರು. ಇದಕ್ಕಿಂತ ಆಳವಾದ ಕೆಡುಕು ಇನ್ನೊಂದಿತ್ತು. ಬಿಯರು ಕುಡಿಯುವವರೆಂದರೆ ಜರ್ಮನರು, ದ್ರಾಕ್ಷಾರಸ ಕುಡಿಯುವವರೆಂದರೆ ಇಟಲಿಯವರು, ಒಟ್ಟಿನಲ್ಲಿ ಹೊಸದಾಗಿ ಬಂದ ಕ್ಯಾಥೊಲಿಕ್ಕರು. ಅವರನ್ನು ಹದ್ದಿನಲ್ಲಿಡುವ ಕೋಲಾಗಿಯೂ ಈ ಕಾನೂನನ್ನು ಹಿಡಿದವರಿದ್ದರು. ಮುಸುಕು ಹಾಕಿಕೊಂಡು ಕಪ್ಪು ಜನರನ್ನೂ ಕ್ಯಾಥೊಲಿಕ್ಕರನ್ನೂ ಹೆದರಿಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಕೂಟವು ಪಾನನಿರೋಧದ ಕಾವಲುಗಾರನಂತೆ ಮೆರೆಯಿತು. ಕೊನೆಗೆ ಆರ್ಥಿಕ ಕುಸಿತ ಬಂದು ಸರ್ಕಾರಕ್ಕೆ ಹಣ ಬೇಕಾದಾಗ ಮದ್ಯದ ತೆರಿಗೆಯ ನೆನಪು ಎಲ್ಲರಿಗೂ ಬಂದಿತು.

ಅಮೆರಿಕದಲ್ಲಿ ಹೀಗೆ ಪಾನನಿರೋಧವು ಸೋತ ನಾಲ್ಕು ವರ್ಷಗಳ ಒಳಗೆ ಅದು ಭಾರತದಲ್ಲಿ ಹುಟ್ಟಿತು. ಮೊದಲು ಜಾರಿಗೆ ಬಂದದ್ದು ನಮ್ಮ ಸೇಲಂ ಜಿಲ್ಲೆಯಲ್ಲಿ. ಮದರಾಸು ಪ್ರಾಂತದ ಪ್ರಧಾನಿಯಾಗಿ 1937ರ ಜುಲೈಯಲ್ಲಿ ಅಧಿಕಾರ ವಹಿಸಿಕೊಂಡ ರಾಜಾಜಿಯವರು ಅದೇ ವರ್ಷ ಅಕ್ಟೋಬರ್ 1ರಿಂದ ಜಿಲ್ಲೆಯಲ್ಲೆಲ್ಲ ಹೆಂಡ ಸಾರಾಯಿಗಳನ್ನು ನಿಲ್ಲಿಸಿದರು. ಆಗ ಇಂದಿನ ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್ ಜಿಲ್ಲೆಗಳೆಲ್ಲ ಸೇಲಂಗೇ ಸೇರಿದ್ದವು; ಜನಸಂಖ್ಯೆ ಸುಮಾರು 24 ಲಕ್ಷ. ಹೊಸೂರು, ಡೆಂಕಣಿಕೋಟೆಗಳ ನಮ್ಮ ಕನ್ನಡಿಗರ ಹಳ್ಳಿಗಳೂ ಆ ಕಾನೂನಿನ ಕಟ್ಟಿನೊಳಗೇ ಬಂದವು. ನಾಲ್ಕು ಹೆಜ್ಜೆ ಆಚೆ ಮೈಸೂರು ಸಂಸ್ಥಾನ. ಅಲ್ಲಿ ಆ ಕಟ್ಟು ಇರಲಿಲ್ಲ. ಗಡಿಯಲ್ಲಿ ಬದುಕುವವರಿಗೆ ಒಂದು ಸರ್ಕಾರದ ಪಾಪವು ಇನ್ನೊಂದು ಸರ್ಕಾರದ ವರಮಾನವಾಗುವುದನ್ನು ನೋಡುವ ಭಾಗ್ಯ ಎಂದಿಗೂ ತಪ್ಪಿದ್ದಲ್ಲ.

ರಾಜಾಜಿಯವರು ಹುಟ್ಟಿದ ತೊರಪಳ್ಳಿ ಹೊಸೂರಿನ ಪಕ್ಕದ ಗ್ರಾಮ. ಅವರು ಓದಿದ್ದು ಹೊಸೂರು, ಬೆಂಗಳೂರುಗಳಲ್ಲಿ. ವಕೀಲಿ ನಡೆಸಿದ್ದು ಸೇಲಮ್ಮಿನಲ್ಲಿ. ತಿರುಚ್ಚೆಂಗೋಡಿನ ಬಳಿ 1925ರಲ್ಲಿ ಅವರು ಕಟ್ಟಿದ ಗಾಂಧಿ ಆಶ್ರಮದಿಂದ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ಕುಡಿತದ ಕೇಡನ್ನು ಹೇಳುವುದಕ್ಕೆಂದೇ ಹೊರಡಿಸಿದರು. ಎಂದರೆ, ಕಾನೂನು ಕೈಗೆ ಬರುವ ಹನ್ನೆರಡು ವರ್ಷ ಮೊದಲೇ ಅವರು ಹಳ್ಳಿಯ ಜನರ ನಡುವೆ ಕೂತು ಮಾತನಾಡಿದ್ದರು. ಅಮೆರಿಕದ ಪ್ರಯೋಗವೂ ಅವರ ಕಣ್ಣ ಮುಂದಿತ್ತು. ಆ್ಯಂಟಿ ಸಲೂನ್ ಲೀಗಿನ ಪ್ರಸಿದ್ಧ ಪ್ರಚಾರಕ ವಿಲಿಯಂ ಜಾನ್ಸನ್, ಕಳ್ಳಬಟ್ಟಿ ಹಿಡಿಯುವಾಗ ಬೆಕ್ಕಿನ ಹೆಜ್ಜೆ ಇಡುತ್ತಿದ್ದನೆಂದು ‘ಪುಸ್ಸಿಫುಟ್’ ಎಂಬ ಬಿರುದನ್ನು ಪಡೆದವನು, 1921ರಲ್ಲಿ ಭಾರತಕ್ಕೇ ಬಂದು ಉಪನ್ಯಾಸ ಮಾಡಿ ಹೋಗಿದ್ದನು. ಲಂಡನ್ನಿನಲ್ಲಿ 1919ರಲ್ಲಿ ವಿದ್ಯಾರ್ಥಿಗಳ ಗುಂಪು ಎಸೆದ ಕಲ್ಲಿಗೆ ಒಂದು ಕಣ್ಣನ್ನು ಕಳೆದುಕೊಂಡಿದ್ದ ಆ ಮನುಷ್ಯನು ಅದನ್ನು ನಗೆಮಾತಾಗಿ ತೆಗೆದುಕೊಂಡನೆಂದು ಕೇಳಿದಾಗ, ಅವನ ಮತವನ್ನು ಒಪ್ಪದವರಿಗೂ ಗೌರವ ಹುಟ್ಟದೆ ಇರದು.

ಆದರೆ ನಮ್ಮ ಸೇಲಮ್ಮಿನ ಪಾನನಿರೋಧವು ಯಾವುದೊಂದು ಮತದ ಕಾನೂನಾಗಿರಲಿಲ್ಲ. ಇದನ್ನು ನಾವು ಒತ್ತಿ ಹೇಳಬಯಸುತ್ತೇವೆ. ರಾಜಾಜಿ ಆಚಾರನಿಷ್ಠ ವೈಷ್ಣವ ಮನೆತನದವರು. ಅವರ ಗೆಳೆಯರೂ ಮುಂದೆ ಎದುರಾಳಿಗಳೂ ಆದ ಈರೋಡಿನ ಪೆರಿಯಾರ್ ರಾಮಸ್ವಾಮಿಯವರು, ಮನೆಯಲ್ಲಿ ಕನ್ನಡವಾಡುತ್ತಿದ್ದವರು, ದೇವರನ್ನೇ ನಿರಾಕರಿಸಿದವರು. ಅಂಥವರೂ 1921ರ ಚಳವಳಿಯಲ್ಲಿ ಹೆಂಡ ಇಳಿಸಲು ಆಸ್ಪದವಾಗಬಾರದೆಂದು ತಮ್ಮ ತೋಟದ ನೂರಾರು ತೆಂಗಿನ ಮರಗಳನ್ನು ಕಡಿಸಿದರೆಂಬುದು ಈ ಸೀಮೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಮುಸಲ್ಮಾನನಿಗೆ ಮದ್ಯ ನಿಷಿದ್ಧ, ಪ್ರಾಟೆಸ್ಟೆಂಟ್ ಪಾದ್ರಿಗೆ ಅದು ಪಾಪ, ಗಾಂಧಿಯವರಿಗೆ ಅದು ಬಡವನ ಲೂಟಿ. ಇಂಥ ಕಾನೂನನ್ನು ತಂದಾಗ ಒಬ್ಬನ ದೇವರು ಇನ್ನೊಬ್ಬನ ದೇವರನ್ನು ಗೆದ್ದಂತಾಗಲಿಲ್ಲ. ಕುಡಿತದ ಸಂಜೆಯ ಜಾಗದಲ್ಲಿ ಭಜನೆ, ಆಟೋಟ, ಚಹಾದ ಅಂಗಡಿಗಳನ್ನು ತುಂಬಲು ಪ್ರಯತ್ನ ನಡೆಯಿತು. ಹೆಂಡ ಇಳಿಸುವವರ ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಬೆಲ್ಲ ಕಾಯಿಸುವುದಕ್ಕಾಗಿ ಸಿಹಿ ನೀರಾ ಇಳಿಸಲು ಅವಕಾಶ ಕೊಟ್ಟರು. ಮದರಾಸು ವಿಶ್ವವಿದ್ಯಾನಿಲಯದವರು ಕೂಲಿಕಾರರ ಮನೆಗಳ ಜಮಾಖರ್ಚನ್ನು ವಿಚಾರಿಸಿ ವರದಿಯನ್ನೂ ಸಿದ್ಧಪಡಿಸಿದರು. ಕಾನೂನು ಮಾಡಿ ಅದರ ಫಲವೇನೆಂದು ತಾವೇ ಪರೀಕ್ಷೆ ಮಾಡಿಸಿಕೊಳ್ಳುವ ಬುದ್ಧಿ ಶಾಸಕರಿಗೆ ಅಪರೂಪ.

ಹಾಗೆಂದು ನಮ್ಮದು ಗೆದ್ದಿತೆಂದು ಹೇಳುವಂತಿಲ್ಲ. ಅಬ್ಕಾರಿಯಿಂದ ಬರುತ್ತಿದ್ದ ಪ್ರಾಂತದ ವರಮಾನದ ಸುಮಾರು ಕಾಲುಭಾಗವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯನ್ನು ಹಾಕಿದರು. ಆ ತೆರಿಗೆ ದೇಶಕ್ಕೆಲ್ಲ ಹಬ್ಬಿತು, ಪಾನನಿರೋಧ ಹಬ್ಬಲಿಲ್ಲ. ಯುದ್ಧಕಾಲದಲ್ಲಿ ಅದನ್ನು ನಿಲ್ಲಿಸಿದರು, ಸ್ವಾತಂತ್ರ್ಯಾನಂತರ 1948ರಲ್ಲಿ ಪ್ರಾಂತಕ್ಕೆಲ್ಲ ವಿಸ್ತರಿಸಿದರು, 1971ರಲ್ಲಿ ಸಡಿಲಿಸಿದರು. ಸಡಿಲಿಸಬೇಡಿರೆಂದು ತೊಂಬತ್ತೆರಡರ ವೃದ್ಧ ರಾಜಾಜಿ ಮುಖ್ಯಮಂತ್ರಿಗಳ ಮನೆಗೇ ಹೋಗಿ ಬೇಡಿದರು. ಇಂದು ಈ ರಾಜ್ಯದಲ್ಲಿ ಮದ್ಯದಂಗಡಿಯನ್ನು ನಡೆಸುತ್ತಿರುವುದು ಸರ್ಕಾರವೇ; ವರ್ಷಕ್ಕೆ ನಲವತ್ತು ಸಾವಿರ ಕೋಟಿಗೂ ಮಿಕ್ಕ ವರಮಾನ. ಅಷ್ಟಾದರೂ ನೆರೆಯ ಕಳ್ಳಕುರಿಚ್ಚಿಯಲ್ಲಿ 2024ರ ಜೂನಿನಲ್ಲಿ ಕಳ್ಳಸಾರಾಯಿ ಕುಡಿದು ಅರವತ್ತಕ್ಕೂ ಹೆಚ್ಚು ಬಡವರು ಸತ್ತರು. ಕುಡಿತವನ್ನು ಬಿಡಿಸುವುದು ಕಾನೂನಿಗಿಂತ ನಿಧಾನವಾದ ಕೆಲಸ, ಹೆಂಡತಿ ಮಕ್ಕಳ ಕಣ್ಣೀರಿಗೂ ಆಗದ ಕೆಲಸ. ಆದರೆ ಸರ್ಕಾರವೇ ಅಂಗಡಿಯಿಟ್ಟು ಕೂರುವುದನ್ನು ನೋಡಿದಾಗ, 1937ರ ಪ್ರಯತ್ನವನ್ನು ಹಾಸ್ಯ ಮಾಡುವ ಮನಸ್ಸು ನಮಗಾದರೂ ಬರುವುದಿಲ್ಲ.

ಮದ್ಯದ ವಿಷಯ ಇಷ್ಟು ಸಾಕು. ಅಮೆರಿಕದ ಸಂಪ್ರದಾಯನಿಷ್ಠ ಕ್ರೈಸ್ತರು ಅದೇ ಕಾಲದಲ್ಲಿ ಕಾನೂನಿನ ಕೈಯಿಂದ ಹಿಡಿಯಹೋದ ಎರಡನೆಯ ವಸ್ತು ಶಾಲೆ. ನಮ್ಮಂಥ ಉಪಾಧ್ಯಾಯರ ಎದೆ ಹೆಚ್ಚು ಬಡಿಯುವುದು ಇಲ್ಲಿ. ಮನುಷ್ಯನು ಕೆಳದರ್ಜೆಯ ಪ್ರಾಣಿಗಳಿಂದ ವಿಕಾಸ ಹೊಂದಿದನೆಂದು ಸರ್ಕಾರಿ ಶಾಲೆಯಲ್ಲಿ ಕಲಿಸಬಾರದೆಂದು ಟೆನೆಸೀ ಸಂಸ್ಥಾನವು 1925ರಲ್ಲಿ ಕಾನೂನು ಮಾಡಿತು. ಡೇಟನ್ ಎಂಬ ಸಣ್ಣ ಊರಿನ ಜಾನ್ ಸ್ಕೋಪ್ಸ್ ಎಂಬ ಇಪ್ಪತ್ತನಾಲ್ಕರ ತರುಣ ಮೇಷ್ಟರನ್ನು ಆ ಜುಲೈಯಲ್ಲಿ ಕಟಕಟೆ ಹತ್ತಿಸಿದರು. ನೂರು ಡಾಲರ್ ದಂಡವಾಯಿತು. ಮುಂದೆ ತಾಂತ್ರಿಕ ಕಾರಣಕ್ಕಾಗಿ ಅದು ರದ್ದಾಯಿತು. ಕಾನೂನು ಮಾತ್ರ 1967ರವರೆಗೆ ಪುಸ್ತಕದಲ್ಲಿ ಉಳಿಯಿತು. ಮೇಷ್ಟರ ವಿರುದ್ಧ ವಾದಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಯಾರೆಂಬುದನ್ನು ನೋಡಬೇಕು. ಮೂರು ಬಾರಿ ಅಧ್ಯಕ್ಷಸ್ಥಾನಕ್ಕೆ ನಿಂತು ಸೋತವರು, ರೈತರ ಪಕ್ಷ ವಹಿಸಿ ದೊಡ್ಡ ಹಣವಂತರನ್ನು ಎದುರಿಸಿದವರು. 1906ರಲ್ಲಿ ಭಾರತವನ್ನು ನೋಡಿ ಹೋಗಿ ಬ್ರಿಟಿಷರ ಆಳ್ವಿಕೆಯನ್ನು ಖಂಡಿಸಿ ಬರೆದು ನಮ್ಮ ದೇಶಭಕ್ತರ ಮೆಚ್ಚುಗೆಗೆ ಪಾತ್ರರಾದವರು. ಬಡವನ ಮೇಲೆ ಕರುಣೆಯುಳ್ಳ ಮನುಷ್ಯನೇ, ತನ್ನ ನಂಬಿಕೆಗೆ ಪೆಟ್ಟು ಬಿದ್ದಿತೆಂದು ತೋರಿದಾಗ, ಶಾಲಾಮಾಸ್ತರನನ್ನು ದಂಡಿಸಲು ನಿಂತನು. ವಿಚಾರಣೆ ಮುಗಿದ ಐದನೆಯ ದಿನ ಅವರು ತೀರಿಕೊಂಡರು.

ಡೇಟನ್ನಿನಲ್ಲಿ ಪತ್ರಿಕೆಗಳ ನಗೆಪಾಟಲಿಗೆ ಗುರಿಯಾದ ಮೇಲೆ ಈ ಪಂಥದವರು ಬಹುಕಾಲ ರಾಜಕೀಯದ ಮುಂಚೂಣಿಯಿಂದ ಹಿಂದೆ ಸರಿದು ತಮ್ಮ ಕಾಲೇಜು, ರೇಡಿಯೋ, ಪತ್ರಿಕೆಗಳನ್ನು ಕಟ್ಟಿಕೊಂಡರು. ಮತ್ತೆ ಅವರನ್ನು ಎಬ್ಬಿಸಿದ್ದೂ ಶಾಲೆಯೇ. ನ್ಯೂಯಾರ್ಕ್ ಸಂಸ್ಥಾನದ ವಿದ್ಯಾಮಂಡಲಿ ಇಪ್ಪತ್ತೆರಡು ಇಂಗ್ಲಿಷ್ ಪದಗಳ ಒಂದು ಪ್ರಾರ್ಥನೆಯನ್ನು ರಚಿಸಿ ದಿನಾರಂಭದಲ್ಲಿ ಹೇಳಿಸುತ್ತಿತ್ತು. ಯಾರ ಹೆಸರನ್ನೂ ಎತ್ತದ ಸೌಮ್ಯವಾದ ಪ್ರಾರ್ಥನೆ. ಬೇಡವಾದ ಮಗು ಸುಮ್ಮನಿರಬಹುದು ಅಥವಾ ಹೊರಗೆ ಹೋಗಬಹುದು. ಆದರೂ ಸರ್ಕಾರವು ಪ್ರಾರ್ಥನೆಯನ್ನು ಬರೆದುಕೊಡುವಂತಿಲ್ಲವೆಂದು 1962ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ತೀರ್ಪು ಬರೆದ ಹ್ಯೂಗೋ ಬ್ಲ್ಯಾಕ್ ಸ್ವತಃ ಬ್ಯಾಪ್ಟಿಸ್ಟ್ ಸಭೆಯಲ್ಲಿ ವರ್ಷಗಟ್ಟಲೆ ಭಾನುವಾರದ ಪಾಠ ಹೇಳಿದವರು. ‘ಬೇಡದಿದ್ದರೆ ಹೊರಗೆ ಹೋಗಲಿ’ ಎಂಬ ಮಾತು ಹಿರಿಯರಿಗೆ ಸ್ವಾತಂತ್ರ್ಯದಂತೆ ಕಾಣುತ್ತದೆ. ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಪಾಠಗಳಲ್ಲಿ ಒಂದು, ಎಂಟು ವರ್ಷದ ಮಗುವಿಗೆ ಸಾಲಿನಿಂದ ಹೊರಗೆ ನಿಲ್ಲುವುದೇ ಶಿಕ್ಷೆ ಎಂಬುದು. ಅನಂತರ ಅದನ್ನು ಪ್ರತಿದಿನ ಅಂಗಳದಲ್ಲಿ ಕಂಡಿದ್ದೇವೆ. ನಲವತ್ತು ಮಕ್ಕಳು ಕೈಮುಗಿದು ನಿಂತಾಗ ನಲವತ್ತೊಂದನೆಯದು, ಮನೆಯವರು ಏನೇ ಹೇಳಿರಲಿ, ಕೈಮುಗಿಯುತ್ತದೆ.

ಆ ತೀರ್ಪಿನಿಂದ ನೊಂದವರು ಲಕ್ಷಾಂತರ ಮಂದಿ. ದೇವರನ್ನು ಶಾಲೆಯಿಂದ ಓಡಿಸಿದರೆಂದು ಅವರಿಗೆ ತೋರಿತು. ಅವರ ನೋವು ಪ್ರಾಮಾಣಿಕವಾದದ್ದು. ಆದರೆ ಅದನ್ನು ಮತಗಳ ರಾಶಿಯನ್ನಾಗಿ ಮಾಡಿದವರ ಲೆಕ್ಕಾಚಾರವು ಅಷ್ಟು ಸರಳವಲ್ಲ. ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳದ ಖಾಸಗಿ ಶಾಲೆಗಳಿಗೆ ತೆರಿಗೆಯ ವಿನಾಯಿತಿ ಇಲ್ಲವೆಂದು 1971ರಲ್ಲಿ ನ್ಯಾಯಾಲಯ ಹೇಳಿತು. ದಕ್ಷಿಣದ ಅನೇಕ ಕ್ರೈಸ್ತ ಶಾಲೆಗಳಿಗೆ ಇದರ ಬಿಸಿ ತಟ್ಟಿತು. ಪಾದ್ರಿಗಳು ರಾಜಕೀಯಕ್ಕೆ ಇಳಿದದ್ದಕ್ಕೆ ಗರ್ಭಪಾತದ ಪ್ರಶ್ನೆಗಿಂತ ಮೊದಲು ಇದೇ ಕಾರಣವೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಏಕೆಂದರೆ ಅದೇ 1971ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟ್ ಸಭೆಯು ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶವಿರಲೆಂದೇ ನಿರ್ಣಯ ಮಾಡಿತ್ತು. 1965ರಲ್ಲಿ, ಬ್ಯಾಪ್ಟಿಸ್ಟ್ ಪಾದ್ರಿಯೇ ಆದ ಮಾರ್ಟಿನ್ ಲೂಥರ್ ಕಿಂಗರು ಕಪ್ಪು ಜನರ ಮತದ ಹಕ್ಕಿಗಾಗಿ ಮೆರವಣಿಗೆ ನಡೆಸುತ್ತಿದ್ದಾಗ, ಪಾದ್ರಿಯ ಕೆಲಸ ಆತ್ಮೋದ್ಧಾರವೇ ಹೊರತು ರಾಜಕೀಯವಲ್ಲವೆಂದು ವರ್ಜೀನಿಯದ ಜೆರ್ರಿ ಫಾಲ್ವೆಲ್ ಎಂಬ ಪಾದ್ರಿ ಪೀಠದಿಂದ ಉಪದೇಶಿಸಿದ್ದರು. ಅದೇ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’, ಎಂದರೆ ನೀತಿವಂತ ಬಹುಮತ, ಎಂಬ ಸಂಸ್ಥೆಯನ್ನು ಕಟ್ಟಿ ಮರುವರ್ಷದ ಚುನಾವಣೆಯಲ್ಲಿ ರೇಗನ್ ಪರವಾಗಿ ದುಡಿದರು. ಸೋತ ಕಾರ್ಟರ್ ಭಾನುವಾರದ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್. ಗೆದ್ದ ರೇಗನ್ ವಿವಾಹವಿಚ್ಛೇದನ ಪಡೆದಿದ್ದ ಸಿನಿಮಾ ನಟ. ವ್ಹೀಲರನ ಹಳೆಯ ಪಾಠವನ್ನು ಯಾರೂ ಮರೆತಿರಲಿಲ್ಲವೆಂಬುದು ಸ್ಪಷ್ಟ.

ಅಲ್ಲಿಂದೀಚಿನದನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಬಲ್ಲರು. ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆಯಿದೆಯೆಂದು 1973ರಲ್ಲಿ ಕೊಟ್ಟಿದ್ದ ತೀರ್ಪನ್ನು 2022ರ ಜೂನಿನಲ್ಲಿ ನ್ಯಾಯಾಲಯವೇ ತೆಗೆದುಹಾಕಿತು. ಅರ್ಧ ಶತಮಾನದ ಹೋರಾಟದ ಫಲ ಅದು. ಇದೇ ಕಾಲದಲ್ಲಿ ನಡೆದ ಇನ್ನೊಂದು ಬದಲಾವಣೆಯನ್ನು ಅಷ್ಟು ಜನ ಗಮನಿಸಿಲ್ಲ. ಪ್ಯೂ ಸಂಶೋಧನಾ ಕೇಂದ್ರದವರ ಲೆಕ್ಕದಂತೆ ತಾವು ಕ್ರೈಸ್ತರೆಂದು ಹೇಳಿಕೊಂಡ ಅಮೆರಿಕನ್ನರು 2007ರಲ್ಲಿ ನೂರಕ್ಕೆ 78. 2023-24ರಲ್ಲಿ ನೂರಕ್ಕೆ 62. ಯಾವ ಮತಕ್ಕೂ ಸೇರಿದವರಲ್ಲವೆಂದವರು 16ರಿಂದ 29ಕ್ಕೆ ಏರಿದ್ದಾರೆ. ಇದಕ್ಕೆ ಕಾರಣಗಳು ಹಲವು. ಆದರೆ ಪೀಠದಿಂದ ಬರುವ ಮಾತು ಚುನಾವಣೆಯ ಭಾಷಣದಂತೆಯೇ ಕೇಳತೊಡಗಿದರೆ ತರುಣರು ಎದ್ದು ಹೋಗುವುದರಲ್ಲಿ ಆಶ್ಚರ್ಯವೇನಿದೆ? ಬೇಲಿ ತೆಗೆದವರು ತೋಟದವರೇ.

ಎಲ್ಲ ಸರ್ಕಾರಿ ಶಾಲೆಗಳ ಪ್ರತಿಯೊಂದು ತರಗತಿಯಲ್ಲಿಯೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ದೊಡ್ಡಕ್ಷರದಲ್ಲಿ ತೂಗುಹಾಕಬೇಕೆಂದು ಲೂಯಿಸಿಯಾನ ಸಂಸ್ಥಾನವು 2024ರಲ್ಲಿ ಕಾನೂನು ಮಾಡಿತು. ಫಲಕದ ಅಳತೆಯನ್ನು ಸಹ ಅಂಗುಲಗಳಲ್ಲಿ ಗೊತ್ತುಮಾಡಿತು. 2025ರಲ್ಲಿ ಟೆಕ್ಸಾಸ್, ಆರ್ಕನ್ಸಾಗಳೂ ಅದೇ ದಾರಿ ಹಿ‌ಡಿದವು. ಈ ಕಾನೂನುಗಳ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಪಾದ್ರಿಗಳೂ ಇದ್ದಾರೆ. ತೊಡಕು ಕೂಡ ಸಣ್ಣದಲ್ಲ. ಯೆಹೂದ್ಯರು, ಕ್ಯಾಥೊಲಿಕ್ಕರು, ಪ್ರಾಟೆಸ್ಟೆಂಟರು ಆ ಹತ್ತನ್ನು ಎಣಿಸುವ ಕ್ರಮವೇ ಬೇರೆ ಬೇರೆ. ಫಲಕದಲ್ಲಿ ಒಂದು ಕ್ರಮ ಮಾತ್ರ ಹಿಡಿಯುತ್ತದೆ. ಆ ತರಗತಿಗಳಲ್ಲಿ ಇಂದು ನಮ್ಮ ಕನ್ನಡಿಗರ ಮಕ್ಕಳೂ ಕೂತಿದ್ದಾರೆ. ವಿಗ್ರಹವನ್ನು ಪೂಜಿಸಬೇಡವೆಂದು ಗೋಡೆಯಲ್ಲಿ ಓದಿಕೊಂಡು ಮನೆಗೆ ಬರುವ ಮಗುವು ದೇವರ ಗೂಡಿನ ಮುಂದೆ ನಿಂತು ಅಜ್ಜಿಯನ್ನು ಏನು ಕೇಳೀತೆಂಬುದನ್ನು ನಾವು ಊಹಿಸಬಲ್ಲೆವು.

ಇಷ್ಟೆಲ್ಲ ಬರೆಯಲು ಕಾರಣ ಅಮೆರಿಕದ ಮೇಲಿನ ಕುತೂಹಲವೊಂದೇ ಅಲ್ಲ. ಬಹುಮತವು ಶಾಲೆಯ ಗೋಡೆಯ ಮೇಲೆ ಏನನ್ನು ಬರೆಯಬಹುದು ಎಂಬ ಪ್ರಶ್ನೆ ಅಲ್ಪಸಂಖ್ಯಾತರಾಗಿ ಬದುಕುವ ಎಲ್ಲರದೂ. ಗಡಿನಾಡಿನ ನಾವು ಮತದಲ್ಲಿ ಬಹುಸಂಖ್ಯಾತರು, ಭಾಷೆಯಲ್ಲಿ ಅಲ್ಪಸಂಖ್ಯಾತರು. ನಮ್ಮ ಸಂವಿಧಾನದ 30ನೆಯ ಅನುಚ್ಛೇದವು ಮತದ ಅಲ್ಪಸಂಖ್ಯಾತರನ್ನೂ ಭಾಷೆಯ ಅಲ್ಪಸಂಖ್ಯಾತರನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ ತಮ್ಮ ಶಾಲೆಗಳನ್ನು ತಾವೇ ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಏರ್ಕಾಡಿನ ಕಾನ್ವೆಂಟೂ ಹೊಸೂರಿನ ಕಡೆಯ ಕನ್ನಡ ಶಾಲೆಯೂ ನಿಲ್ಲಬಹುದಾದ ಮಾಡು ಒಂದೇ. 2006ರ ತಮಿಳು ಕಲಿಕೆ ಕಾಯಿದೆ ಬಂದು, ಅದು ವರ್ಷಕ್ಕೊಂದು ತರಗತಿಯಂತೆ ಮೇಲೇರಿ ಹತ್ತನೆಯದನ್ನು ಮುಟ್ಟಿದಾಗ, ಕನ್ನಡ ಮಾಧ್ಯಮದ ಮಕ್ಕಳ ತಂದೆತಾಯಿಗಳು ನ್ಯಾಯಾಲಯದ ಬಾಗಿಲಿಗೆ ಅಲೆಯಬೇಕಾಯಿತು. ತಮಿಳು ಈ ನೆಲದ ಭಾಷೆ, ಅದನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಮಾತೃಭಾಷೆಯನ್ನು ಪಕ್ಕಕ್ಕೆ ಸರಿಸಿ ಕಲಿಯಬೇಕೆಂಬುದರಲ್ಲಿ ಮಾತ್ರ ನಮ್ಮ ಆಕ್ಷೇಪ. ಆದುದರಿಂದ ಮತದ ವಿಷಯದಲ್ಲಿ ನಮ್ಮ ಬಹುಮತದ ಬಲದಿಂದ ಇನ್ನೊಬ್ಬರ ಶಾಲೆಯನ್ನು ಕುಗ್ಗಿಸಬೇಕೆಂದು ಯಾರಾದರೂ ಹೇಳಿದಾಗ, ಕೈಯೆತ್ತುವ ಮೊದಲು ನಮ್ಮ ಕನ್ನಡ ಶಾಲೆಯ ಮಾಡನ್ನು ಒಮ್ಮೆ ತಲೆಯೆತ್ತಿ ನೋಡಿಕೊಳ್ಳುವುದು ಒಳ್ಳೆಯದು.

ಜೂನ್ ತಿಂಗಳಲ್ಲಿ ಮಕ್ಕಳನ್ನು ಮಿಷನ್ ಶಾಲೆಗಳಿಗೆ ಸೇರಿಸುವವರಿಗೆ ಒಂದು ಮಾತು. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದೆಂದು 28ನೆಯ ಅನುಚ್ಛೇದ ಹೇಳುತ್ತದೆ. ಸರ್ಕಾರದ ಮಾನ್ಯತೆಯನ್ನೋ ಸಹಾಯಧನವನ್ನೋ ಪಡೆದ ಶಾಲೆಯಲ್ಲಿ ಮತಬೋಧೆ, ಪ್ರಾರ್ಥನೆಗಳು ಇರಬಹುದು. ಆದರೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅವುಗಳಲ್ಲಿ ಸೇರಿಸುವಂತಿಲ್ಲ. ಒಪ್ಪಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಕ್ರಿಸ್ತನ ಗಿರಿಬೋಧೆಯನ್ನು ಕೇಳಿ ಕೆಟ್ಟ ಮಗುವನ್ನು ನಾವು ಈವರೆಗೆ ಕಂಡಿಲ್ಲ. ಬೇಡವೆಂದು ತೋರಿದರೆ ಹಾಗೆಂದು ಬರೆದುಕೊಡಿರಿ. ಒಂದು ಕಾಗದದ ತುಂಡಿನಲ್ಲಿ, ಮಗುವಿನ ಹೆಸರು, ತರಗತಿ, ನಿಮ್ಮ ರುಜು ಇದ್ದರೆ ಸಾಕು, ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿರಿ. ಆ ಹೊತ್ತಿನಲ್ಲಿ ಮಗುವನ್ನು ಅಂಗಳದಲ್ಲಿ ಒಂಟಿಯಾಗಿ ನಿಲ್ಲಿಸದೆ ಗ್ರಂಥಾಲಯದಲ್ಲಿ ಕೂರಿಸಬೇಕೆಂದು ಹೆಡ್‌ಮಾಸ್ಟರರನ್ನು ನೇರವಾಗಿ ಕಂಡು ಕೇಳಿರಿ.